ಕಾಫಿಗೆ ಎದ್ದು ಹೋಗದ ಇರ್ಮಾ

ಇರ್ಮಾ ಪ್ರುಸಾಕ್ ನನ್ನ ಪಕ್ಕದ ಮನೆಯವಳು. ನಮ್ಮ ಎರಡು ಮನೆಗಳ ನಡುವೆ ಸೊಂಟದೆತ್ತರದ ಒಂದು ಮರದ ಬೇಲಿ, ಅದಕ್ಕೆ ಬಾಗಿಲಿಲ್ಲ. ನಲವತ್ತು ವರ್ಷ ನಾವು ಆ ಬೇಲಿಯ ಮೇಲೆ ಮೊಣಕೈ ಊರಿ ಜಗಳವಾಡಿದ್ದೇವೆ. ಜಗಳದ ವಿಷಯ ಬಹುಪಾಲು ಬೇಸ್‌ಬಾಲ್. ಉಳಿದದ್ದು ಅವಳ ಮೇಪಲ್ ಮರ ನನ್ನ ಟೊಮೆಟೊ ಗಿಡಗಳ ಮೇಲೆ ಹಾಕುತ್ತಿದ್ದ ನೆರಳು.

ಅವಳು ಶಾಲೆಯ ಊಟದ ಮನೆಯಲ್ಲಿ ಅಡುಗೆಯವಳು. ಆಳೆತ್ತರದ ಹೆಂಗಸು, ದೊಡ್ಡ ಕೈ, ಅದಕ್ಕಿಂತ ದೊಡ್ಡ ಗಂಟಲು. ನಮ್ಮೂರು ಹಾರ್ಲನ್ ಫಾಲ್ಸ್‌ನಲ್ಲಿ ಮೂವತ್ತು ದಾಟಿದ ಯಾರೇ ಆಗಲಿ, ಎಲೆಕೋಸು ತಟ್ಟೆಯಲ್ಲಿ ಬಿಟ್ಟಿದ್ದಕ್ಕೆ ಅವಳ ಕೈಲಿ ಬೈಸಿಕೊಂಡವರೇ. ಗಂಡ ಸ್ಟಾನ್ ನನ್ನ ಜೊತೆಗೇ ಕಾಗದದ ಕಾರ್ಖಾನೆಯಲ್ಲಿದ್ದ, ಎದೆನೋವಿನಿಂದ ಬೇಗ ಹೋದ. ಮಕ್ಕಳಿರಲಿಲ್ಲ. ಆಮೇಲೆ ಪ್ರತಿ ಬೇಸಿಗೆಯೂ ಅವಳ ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬ ಆಟಗಾರ ಇರತೊಡಗಿದ.

ನಮ್ಮ ಊರಿನ ತಂಡ ಯಾವ ಸಾಹುಕಾರನದ್ದೂ ಅಲ್ಲ, ಊರಿನವರದ್ದೇ. ಕಾರ್ಖಾನೆಯವರು, ಅಂಗಡಿಯವರು, ಚರ್ಚಿನವರು ಪಾಲು ಹಾಕಿ ಕಟ್ಟಿಕೊಂಡದ್ದು. ಹುಡುಗರಿಗೆ ಕೊಡುವ ಸಂಬಳ ಬಾಡಿಗೆಗೂ ಸಾಲದು, ಆದ್ದರಿಂದ ಅವರನ್ನು ಮನೆಮನೆಯಲ್ಲಿ ಇಟ್ಟುಕೊಳ್ಳುವುದು ರೂಢಿ. ದೂರದೂರದಿಂದ ಬಂದ ಹುಡುಗರು ಮೇ ತಿಂಗಳಲ್ಲಿ ಒಂದು ಚೀಲ, ಎರಡು ದಾಂಡು ಹಿಡಿದು ಬಾಗಿಲಿಗೆ ಬರುತ್ತಿದ್ದರು. ಸೆಪ್ಟೆಂಬರಿನಲ್ಲಿ ಹೋಗುವಾಗ ಮನೆಯ ಹೆಂಗಸನ್ನು ಅಮ್ಮ ಎನ್ನುತ್ತಿದ್ದರು. ಮರುವರ್ಷ ಹೆಚ್ಚಿನವರು ಬರುತ್ತಿರಲಿಲ್ಲ.

ತಂಡ ನಡೆಸುವುದಕ್ಕೆ ಒಂಬತ್ತು ಜನರ ಸಮಿತಿ. ನಾನೂ ಅದರಲ್ಲಿದ್ದೆ, ಕಾರ್ಖಾನೆಯವರ ಪರವಾಗಿ. ಹುಡುಗರನ್ನು ಸಾಕುವ ಮನೆಗಳಿಗೂ ಒಂದು ಜಾಗ ಬೇಕೆಂದು ಇರ್ಮಾ ವರ್ಷಗಟ್ಟಲೆ ಗುದ್ದಾಡಿದಳು. "ಅವ್ರ ಬಟ್ಟೆ ಒಗೆಯೋರು ನಾವು, ಜ್ವರ ಬಂದ್ರೆ ಹಣೆ ಮುಟ್ಟಿ ನೋಡೋರು ನಾವು, ಮಾತಾಡೋರು ಮಾತ್ರ ನೀವಾ?" ಎಂದು ಪಾಲುದಾರರ ಸಭೆಯಲ್ಲಿ ಎದ್ದು ನಿಂತು ಕೇಳುತ್ತಿದ್ದಳು. ಕೊನೆಗೆ ಕಾಟ ತಾಳಲಾರದೆ ಜಾಗ ಕೊಟ್ಟರು. ಅಧ್ಯಕ್ಷ ಲೈಲ್ ಬ್ರಾಂಡ್‌ಸ್ಟೆಟರ್, ಕಬ್ಬಿಣದ ಸಾಮಾನಿನ ಅಂಗಡಿಯವನು, ಅದಕ್ಕೆ ಅಡುಗೆಮನೆ ಕುರ್ಚಿ ಎಂದು ಹೆಸರಿಟ್ಟ. ಹೆಸರು ಅಂಟಿಕೊಂಡಿತು. ಅವಳು ನಕ್ಕಳು, ಆದರೆ ಅವಳ ಕಿವಿ ಕೆಂಪಾದದ್ದನ್ನು ನಾನು ನೋಡಿದೆ.

ಆ ಕುರ್ಚಿಯ ಜೊತೆಗೇ ಒಂದು ಪದ್ಧತಿ ಬಂತು. ಸಮಿತಿಯಲ್ಲಿ ಯಾರ ಮನೆಯ ಹುಡುಗನ ವಿಷಯ ಬಂದರೂ ಆ ಮನೆಯವರು ಎದ್ದು ಹೋಗಿ ಕಾಫಿ ಮಾಡಬೇಕು. ಬರೆದಿಟ್ಟ ನಿಯಮವಲ್ಲ. ಅನ್ನ ಹಾಕಿದ ಕೈಯನ್ನೇ ಮತಕ್ಕೆ ಎತ್ತು ಎನ್ನುವುದು ಸರಿಯಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕಾಫಿ ಕಾಯುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ನನ್ನ ಮನೆಯಲ್ಲಿ ಇದ್ದವನೊಬ್ಬನ ವಿಷಯಕ್ಕೆ ನಾನೂ ಒಮ್ಮೆ ಹೋಗಿ ಮಾಡಿದ್ದೆ. ಯಾರೂ ಕುಡಿಯಲಿಲ್ಲ, ಅಷ್ಟು ಕೆಟ್ಟದಾಗಿತ್ತು.

ಕ್ಲೋವಿಸ್ ತಿಬೊಡೊ ಇರ್ಮಾಳ ಮನೆಗೆ ಬಂದದ್ದು ಲೂಸಿಯಾನದ ಕಡೆಯಿಂದ. ಎಡಗೈ ದಾಂಡಿಗ, ಫಸ್ಟ್ ಬೇಸ್‌ನಲ್ಲಿ ನಿಲ್ಲುವವನು. ಎಡಗೈಯವರ ಹೊಡೆತ ಹೋಗುವ ಬಲಬದಿಯಲ್ಲಿ ನಮ್ಮ ಮೈದಾನದ ಬೇಲಿ ಹತ್ತಿರವಿತ್ತು, ಸಂಜೆ ನದಿಯ ಕಡೆಯಿಂದ ಗಾಳಿ ಬೇರೆ. ಇವನು ಎತ್ತಿ ಹೊಡೆದ ಚೆಂಡು ಬೇಲಿ ದಾಟಿ ಮರದ ಡಿಪೋ ಒಳಗೆ ಬೀಳುತ್ತಿತ್ತು. ಇಂಥವನನ್ನು ಕಂಡರೆ ನನಗೆ ಪ್ರಾಣ. ಎಸೆತಗಾರರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಐದು ದಿನಕ್ಕೊಮ್ಮೆ ಕೆಲಸ, ನಾಲ್ಕು ದಿನ ಮೊಣಕೈಗೆ ಮಂಜುಗಡ್ಡೆ ಕಟ್ಟಿಕೊಂಡು ಮುಖ ಸಿಂಡರಿಸಿ ಕೂರುವುದು. ದಾಂಡಿಗ ಎಂದರೆ ದಿನಾ ದುಡಿಯುವವನು, ನಮ್ಮಂಥವನು.

ಸತತ ಮೂರು ಬೇಸಿಗೆ ಕ್ಲೋವಿಸ್ ಅದೇ ಕೋಣೆಗೆ ಬಂದ. ಇರ್ಮಾ ಮಾಡಿದ ಆಲೂಗಡ್ಡೆ ಕಡುಬಿನ ಮೇಲೆ ತನ್ನ ಊರಿನ ಖಾರದ ಸಾಸನ್ನು ಸುರಿದುಕೊಳ್ಳುತ್ತಿದ್ದ. ಅವಳು ಸೌಟು ಎತ್ತಿ "ಇನ್ನೊಂದ್ಸಲ ಹಂಗ್ ಮಾಡಿದ್ರೆ ನಿನ್ನ ಊಟ ನಾಯಿಗೆ" ಎನ್ನುತ್ತಿದ್ದಳು. ಅವಳ ಮನೆಯಲ್ಲಿ ನಾಯಿ ಇರಲಿಲ್ಲ. ಎರಡನೆಯ ವರ್ಷದ ಹೊತ್ತಿಗೆ ಆ ಖಾರದ ಸಾಸಿನ ಬಾಟಲಿ ಅವಳ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇತ್ತು. ಚಳಿಗಾಲದಲ್ಲೂ ಅವಳು ಅದನ್ನು ತೆಗೆಯಲಿಲ್ಲ.

ಆ ಮೂರನೆಯ ಬೇಸಿಗೆಗೆ ಅವನಿಗೆ ಇಪ್ಪತ್ತೇಳು. ಈ ಆಟದಲ್ಲಿ ಅದು ಮುದಿತನದ ಹೊಸ್ತಿಲು. ಊರಿನಲ್ಲಿ ಹೆಂಡತಿ ಒಡೀಲ್, ಮೂರು ತಿಂಗಳ ಹೆಣ್ಣು ಮಗು ಸೆಲೆಸ್ಟ್. ಆಗಸ್ಟಿನಲ್ಲಿ ದೊಡ್ಡ ತಂಡದವರೊಬ್ಬರು ಆಟಗಾರರನ್ನು ನೋಡಿ ಆರಿಸಲು ನಮ್ಮ ಮೈದಾನಕ್ಕೆ ಬರುವವರಿದ್ದರು. ಅದೇ ಅವನ ಕೊನೆಯ ಅವಕಾಶವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಹೆಂಡತಿ ಮಗು ಜೊತೆಗಿದ್ದರೆ ಚೆನ್ನಾಗಿ ಆಡುತ್ತೇನೆ ಎನ್ನುತ್ತಿದ್ದ. ಚಪ್ಪಲಿ ಹೊಲಿಯುವವನ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದ. ಒಡೀಲ್ ಜುಲೈ ಮೊದಲ ವಾರ ಮಗು ಕಟ್ಟಿಕೊಂಡು ಬಸ್ಸಿನಲ್ಲಿ ಬರುವುದೆಂದು ಮಾತಾಯಿತು.

ಆದರೆ ತಂಡ ಮಾತ್ರ ಪಾತಾಳಕ್ಕೆ ಇಳಿದಿತ್ತು. ಮೂರು ವರ್ಷ ಎಲ್ಲರಿಗಿಂತ ಕೆಳಗೆ. ಎಂಟು ರನ್ ಹೊಡೆಯುವುದು, ಒಂಬತ್ತು ಬಿಟ್ಟುಕೊಡುವುದು. ಹೊಸ ಮ್ಯಾನೇಜರ್ ಗಾರ್ವಿನ್ ಸ್ಟ್ರೌಡ್ ಎಂಬ ಒಣಕಲು ಮನುಷ್ಯ, ತಂಡವನ್ನು ಅಡಿಪಾಯದಿಂದ ಕಟ್ಟುತ್ತೇನೆಂದು ಹೇಳಿ ಬಂದವನು, ಒಂದು ಶನಿವಾರ ಸಮಿತಿಯವರನ್ನೆಲ್ಲ ಕರೆದು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ. ದಕ್ಷಿಣಕ್ಕೆ ಕೆಲವು ಗಂಟೆಯ ದಾರಿಯ ಒಂದು ತಂಡ ತನ್ನ ಇಪ್ಪತ್ತೊಂದು ವರ್ಷದ ಎಡಗೈ ಎಸೆತಗಾರ ವೆಂಡೆಲ್ ಆಕ್ರಿಯನ್ನು ಬಿಟ್ಟುಕೊಡಲು ಸಿದ್ಧವಿದೆ. ಬದಲಿಗೆ ಇಬ್ಬರು ದಾಂಡಿಗರು ಬೇಕಂತೆ. ಒಬ್ಬ ನಮ್ಮ ಎಡಬದಿಯ ಫೀಲ್ಡರ್. ಇನ್ನೊಬ್ಬ ಕ್ಲೋವಿಸ್. ಮಂಗಳವಾರ ಸಂಜೆ ತೀರ್ಮಾನ, ಅಲ್ಲಿಯವರೆಗೆ ಯಾರೂ ಬಾಯಿ ಬಿಡುವಂತಿಲ್ಲ ಎಂದ.

ಮರುದಿನ ಭಾನುವಾರ. ಇರ್ಮಾ ಮತ್ತು ಕ್ಲೋವಿಸ್ ಆ ಎರಡು ಕೋಣೆಗಳಿಗೆ ಬಣ್ಣ ಬಳಿದರು. ಏಣಿ ನನ್ನದು, ಆದ್ದರಿಂದ ನಾನೂ ಅಲ್ಲಿದ್ದೆ. ಏಣಿಯ ಕಾಲು ಹಿಡಿದುಕೊಳ್ಳುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಅವನು ಗೋಡೆಯ ಮೇಲ್ಭಾಗ ಬಳಿಯುತ್ತ ತಿರುಗದೆಯೇ ಕೇಳಿದ.

"ಅಮ್ಮ, ಹುಡುಗ್ರು ಏನೇನೋ ಮಾತಾಡ್ಕೊಳ್ತಿದಾರೆ. ಅದಲುಬದಲು ಅಂತ. ನಿಮ್ಮ ಕಿವಿಗೇನಾದ್ರೂ ಬಿತ್ತಾ?"

ಇರ್ಮಾ ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ ಕುಂಚ ಆಡಿಸುತ್ತಿದ್ದಳು. ಕುಂಚ ನಿಲ್ಲಲಿಲ್ಲ.

"ಹುಡುಗ್ರಿಗೆ ಮಾಡೋಕೆ ಬೇರೆ ಕೆಲ್ಸ ಇಲ್ಲ. ಅಲ್ಲಿ ಮೇಲೆ ಬಿಟ್ಟಿದೀಯ ನೋಡು, ಬಿಳಿ ಕಾಣ್ತಾ ಇದೆ."

"ಇಲ್ಲ, ಒಡೀಲ್ ನಾಡಿದ್ದು ಬೆಳಿಗ್ಗೆ ಹೊರಡ್ತಾಳೆ. ಎರಡು ದಿನದ ದಾರಿ. ಏನಾದ್ರೂ ಇದ್ರೆ ನಿಲ್ಲು ಅಂತ ಇವತ್ತೇ ಫೋನ್ ಮಾಡ್ತಿದ್ದೆ."

"ಹೊರಡ್ಲಿ ಬಿಡೋ," ಎಂದಳು ಇರ್ಮಾ. "ಮಗೂನ ನಾನೂ ನೋಡ್ಬೇಡ್ವಾ?"

ಇಳಿದು ಹೋಗುವಾಗ ಮೆಟ್ಟಿಲಲ್ಲಿ ಅವಳ ತೋಳು ಹಿಡಿದು ನಾನು ಪಿಸುಗುಟ್ಟಿದೆ, "ಒಂದು ವಾರ ತಡಿ ಅಂತ ಹೇಳ್ಬಾರ್ದಾಗಿತ್ತಾ?" ಅವಳು ಕೈ ಬಿಡಿಸಿಕೊಂಡಳು. "ಹೋಬರ್ಟ್, ಆ ಕುರ್ಚಿ ನನಗೆ ಪುಕ್ಕಟೆ ಸಿಗ್ಲಿಲ್ಲ. ಒಳಗಿನ ಮಾತು ಹೊರಗೆ ಬಿದ್ರೆ ಮೊದ್ಲು ಯಾರ ಕಡೆ ಬೊಟ್ಟು ಮಾಡ್ತಾರೆ? ಹೆಂಗಸು, ಬಾಯಿ ನಿಲ್ಲಲ್ಲ ಅಂತಾರೆ." ಅದು ಸುಳ್ಳಾಗಿರಲಿಲ್ಲ, ಲೈಲ್ ಖಂಡಿತ ಹಾಗೆನ್ನುತ್ತಿದ್ದ. ಮಂಗಳವಾರ ಅವಳು ಕಾಫಿಗೆ ಹೋಗುತ್ತಾಳೆ, ಉಳಿದ ಎಂಟರಲ್ಲಿ ನಾವು ನಾಲ್ವರು ಕೈ ಎತ್ತದೆ ಕೂತರೆ ಸಾಕು, ಸಮಸಮವಾಗಿ ವಿಷಯ ಬಿದ್ದುಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಆದ್ದರಿಂದ ನಾನೂ ಸುಮ್ಮನಾದೆ.

ಮಂಗಳವಾರ ಸಂಜೆ ಲೈಲ್‌ನ ಅಂಗಡಿಯ ಹಿಂದಿನ ಕೋಣೆ. ಮೊಳೆಯ ಡಬ್ಬಿಗಳು, ಗ್ರೀಸಿನ ವಾಸನೆ. ಗಾರ್ವಿನ್ ನಿಂತುಕೊಂಡೇ ಮಾತಾಡಿದ.

"ನೋಡಿ, ಕ್ಲೋವಿಸ್ ಒಳ್ಳೆ ಹುಡುಗ. ನಾನೇನೂ ಇಲ್ಲ ಅನ್ನಲ್ಲ. ಆದ್ರೆ ಈ ತಂಡ ಗೆಲ್ಲೋ ಮಟ್ಟಕ್ಕೆ ಬರೋಕೆ ಇನ್ನೂ ಎರಡು ವರ್ಷ ಬೇಕು. ಅಷ್ಟೊತ್ತಿಗೆ ಅವನಿಗೆ ಮೂವತ್ತರ ಹತ್ರ. ಬೆಲೆ ಇರೋದು ಇವತ್ತು, ನಾಳೆ ಇರಲ್ಲ. ಹೊಡೆಯೋರು ಎಲ್ಲಿ ಬೇಕಾದ್ರೂ ಸಿಗ್ತಾರೆ. ಎಸೆಯೋನು ಸಿಗೋದಿಲ್ಲ. ಸಿಕ್ದಾಗ ಹಿಡ್ಕೋಬೇಕು."

ನನಗೆ ಮೈಯೆಲ್ಲ ಉರಿಯಿತು. "ಎಸೆಯೋನ ಮೊಣಕೈ ಅಂದ್ರೆ ಗಾಜಿನ ಲೋಟ ಕಣಪ್ಪ. ನಾಳೆ ಟಕ್ ಅಂದ್ರೆ ಏನ್ಮಾಡ್ತೀಯ? ಇಬ್ರು ಗಟ್ಟಿ ಆಳುಗಳನ್ನ ಕೊಟ್ಟು ಒಂದು ತೋಳು ತರ್ತೀಯಾ? ಜನ ಟಿಕೆಟ್ ತಗೊಂಡು ಬರೋದು ಚೆಂಡು ಡಿಪೋ ಒಳಗೆ ಬೀಳೋದು ನೋಡೋಕೆ. ಯಾವನೋ ಹುಡುಗ ಎಸೆಯೋ ಗುಡ್ಡೆ ಮೇಲೆ ನಿಂತು ಟೋಪಿ ಸರಿ ಮಾಡ್ಕೊಳ್ಳೋದು ನೋಡೋಕಲ್ಲ."

"ಜನ ಬರೋದು ಗೆಲ್ಲೋದು ನೋಡೋಕೆ, ಹೋಬರ್ಟ್," ಎಂದ ಗಾರ್ವಿನ್, ಬೇಸರದಿಂದ. "ಎಂಟು ರನ್ ಹೊಡೆದು ಸೋತ ಆಟಗಳು ಈ ವರ್ಷ ಎಷ್ಟು ಅಂತ ನಿಮಗೇ ಗೊತ್ತಲ್ಲ. ಇನ್ನೊಬ್ಬ ಹೊಡೆಯೋನು ಬಂದ್ರೆ ಒಂಬತ್ತು ಹೊಡೆದು ಸೋಲ್ತೀವಿ."

ನಾನು ಹೇಳಿದ್ದನ್ನೇ ಮತ್ತೆ ಜೋರಾಗಿ ಹೇಳಿದೆ. ಮಾತು ಮುಂದುವರಿಯಿತು. ಬೇಕರಿಯವನು ನನ್ನ ಕಡೆ, ಹಲ್ಲಿನ ಡಾಕ್ಟರು ಗಾರ್ವಿನ್ ಕಡೆ. ಇಷ್ಟು ಹೊತ್ತೂ ಇರ್ಮಾ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಕೊನೆಗೆ ಲೈಲ್ ಕೈ ಎತ್ತಿಸುವ ಮೊದಲು ಅವಳ ಕಡೆ ನೋಡಿ ನಕ್ಕ.

"ಇರ್ಮಾ, ಹೊತ್ತಾಯ್ತಲ್ಲ. ಕಾಫಿ ಇಡ್ತೀಯಾ? ಕಣ್ಣೊರೆಸ್ಕೊಳ್ಳೋಕೆ ಅಲ್ಲೇ ಒಲೆ ಪಕ್ಕ ಬಟ್ಟೆನೂ ಇದೆ."

ಒಬ್ಬಿಬ್ಬರು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ನಮ್ಮೂರಿನಲ್ಲಿ ಮಾತು ಇರುವುದೇ ಹಾಗೆ. ಇರ್ಮಾಳ ಕಿವಿ ಮತ್ತೆ ಕೆಂಪಾಯಿತು.

"ಕಾಫಿ ಬೇಕಾದ್ರೆ ನೀನೇ ಮಾಡ್ಕೋ, ಲೈಲ್. ನಾನು ಇಲ್ಲಿಗೆ ಬಂದಿರೋದು ಬೇಸ್‌ಬಾಲ್ ವಿಷಯಕ್ಕೆ."

ಯಾರೂ ಅಡ್ಡ ಹೇಳಲಿಲ್ಲ, ಹೇಳಲು ಬರೆದ ನಿಯಮವೆಲ್ಲಿತ್ತು? ನನಗಂತೂ ಒಳಗೊಳಗೇ ಖುಷಿಯಾಯಿತು. ಹುಡುಗನ ಪರವಾಗಿಯೇ ಕೂತಿದ್ದಾಳೆ, ಗೆದ್ದೆವು ಎಂದುಕೊಂಡೆ. ಲೈಲ್ ಕೇಳಿದ, ಅದಲುಬದಲಿಗೆ ಒಪ್ಪುವವರು ಯಾರು. ಲೈಲ್‌ನದೂ ಸೇರಿ ನಾಲ್ಕು ಕೈ ಮೇಲೆ ಹೋದವು. ಲೈಲ್ ತನ್ನ ಕೈ ಎತ್ತಿಕೊಂಡೇ ಇರ್ಮಾಳನ್ನು ನೋಡುತ್ತ ಕೂತ. ಅವನ ತುಟಿಯ ಮೇಲೆ ಆ ನಗು ಇನ್ನೂ ಇತ್ತು. ಇರ್ಮಾ ಅವನನ್ನೇ ನೋಡಿದಳು, ಕೈಚೀಲವನ್ನು ನೆಲಕ್ಕಿಟ್ಟಳು, ಬಲಗೈ ಎತ್ತಿದಳು.

ಲೈಲ್‌ನ ನಗು ಮಾಯವಾಯಿತು. "ಭೇಷ್," ಎಂದ, ನಿಜವಾದ ಗೌರವದಿಂದ. ಆ ದಿನದಿಂದ ಅಡುಗೆಮನೆ ಕುರ್ಚಿ ಎನ್ನುವ ಮಾತು ಅವನ ಬಾಯಲ್ಲಿ ಬರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೇ, ಸಿಕ್ಕಿತು. ಅಂಗಡಿಯಿಂದ ಮನೆಯವರೆಗೆ ನಾವಿಬ್ಬರೂ ಒಟ್ಟಿಗೆ ನಡೆದೆವು. ಅವಳು ಎಂದಿನಂತೆ ತನ್ನ ಮನೆಯ ಮುಂದಿನ ಗೇಟಿನಲ್ಲಿ ನಿಂತು ಶುಭರಾತ್ರಿ ಹೇಳಲಿಲ್ಲ, ನೇರ ಒಳಗೆ ಹೋದಳು.

ಬುಧವಾರ ಮಧ್ಯಾಹ್ನ ಗಾರ್ವಿನ್ ಹುಡುಗರಿಬ್ಬರನ್ನು ಕರೆದು ಹೇಳಿದ. ಫೀಲ್ಡರ್ ಹುಡುಗ ಕುಣಿದಾಡಿಬಿಟ್ಟ, ಅವನ ಗೆಳತಿ ಅದೇ ದಿಕ್ಕಿನವಳಂತೆ. ಕ್ಲೋವಿಸ್ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ನಾನು ಬೇಲಿಯ ಈಚೆ ಟೊಮೆಟೊ ಗಿಡಕ್ಕೆ ಕಡ್ಡಿ ಕಟ್ಟುತ್ತಿದ್ದೆ, ಕಿಟಕಿ ತೆರೆದಿತ್ತು. ಕೇಳಬಾರದೆಂದು ಒಳಗೆ ಹೋಗಬಹುದಿತ್ತು, ಹೋಗಲಿಲ್ಲ.

"ಅಮ್ಮ, ಒಡೀಲ್ ಬಸ್ಸಲ್ಲಿದಾಳೆ. ನಿನ್ನೆ ಬೆಳಿಗ್ಗೆನೇ ಹೊರಟಿದಾಳೆ. ಎಲ್ಲಿದಾಳೆ ಅಂತಾನೂ ಗೊತ್ತಿಲ್ಲ, ಹೆಂಗೆ ಹೇಳ್ಲಿ?"

"ನಾನು ಹೋಗಿ ಕರ್ಕೊಂಡ್ ಬರ್ತೀನಿ. ನೀನು ಯೋಚ್ನೆ ಮಾಡ್ಬೇಡ."

"ಇವತ್ತು ಸಂಜೆನೇ ಅಲ್ಲಿರ್ಬೇಕಂತೆ ನಾನು. ಸಂಜೆ ಆಟ ಇದೆಯಂತೆ." ಆಮೇಲೆ ಅವನ ದನಿ ಮೆತ್ತಗಾಯಿತು. "ಗಾರ್ವಿನ್ ಹೇಳ್ದ, ಒಂದೇ ಒಂದು ಕೈಯಲ್ಲಿ ಹೋಯ್ತಂತೆ. ಅಮ್ಮ, ನೀವು ನಮ್ಮ ಪರ ನಿಂತಿರ್ತೀರ ಅಂತ ನಂಗೊತ್ತು. ಅದಕ್ಕೇ ಅಷ್ಟು ಹತ್ರ ಬಂತು. ನೀವೇನೂ ಬೇಜಾರ್ ಮಾಡ್ಕೋಬೇಡಿ."

ಹೇಳೇ, ಈಗಲೇ ಹೇಳಿಬಿಡೇ ಎಂದು ನಾನು ಬೇಲಿಯ ಈಚೆ ಹಲ್ಲು ಕಚ್ಚಿ ನಿಂತೆ. ಅವಳು ಒಲೆಯ ಕಡೆ ತಿರುಗಿದಳು. ಪಾತ್ರೆಯ ಮುಚ್ಚಳದ ಸದ್ದು ಕೇಳಿಸಿತು.

"ದಾರಿಗೆ ಏನಾದ್ರೂ ಕಟ್ಟಿಕೊಡ್ತೀನಿ. ತಡಿ," ಎಂದಳು.

ಗುರುವಾರ ಬೆಳಿಗ್ಗೆ ನಾನೇ ಅವಳನ್ನು ನನ್ನ ಟ್ರಕ್ಕಿನಲ್ಲಿ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಒಡೀಲ್ ಇಳಿದಳು. ಸಣ್ಣ ಹುಡುಗಿ, ಹೆಗಲಲ್ಲಿ ಮಗು, ಕೂದಲೆಲ್ಲ ಕೆದರಿತ್ತು. ನಮ್ಮನ್ನು ದಾಟಿ ಹಿಂದೆ ಯಾರಿದ್ದಾರೆ ಎಂದು ನೋಡಿದಳು. ಯಾರೂ ಇರಲಿಲ್ಲ. ಇರ್ಮಾ ಅವಳ ಎರಡೂ ಕೈ ಹಿಡಿದು ವಿಷಯ ಹೇಳಿದಳು. ಸುತ್ತು ಬಳಸದೆ ಹೇಳಿದಳು, ಅಷ್ಟನ್ನು ಮಾತ್ರ ನಾನು ಅವಳ ಪರವಾಗಿ ಹೇಳಬಲ್ಲೆ. ಹುಡುಗಿ ಅಳಲಿಲ್ಲ. ಮಗುವಿನ ಟೋಪಿ ಸರಿಮಾಡಿದಳು.

"ಗೋಡೆಗೆ ಯಾವ ಬಣ್ಣ ಹಚ್ಚಿದ್ರಿ?" ಎಂದು ಕೇಳಿದಳು. "ಫೋನಲ್ಲಿ ಕೇಳ್ದೆ. ಬಂದು ನೋಡು ಅಂದ, ಹೇಳ್ಲೇ ಇಲ್ಲ."

"ಹಳದಿ," ಎಂದಳು ಇರ್ಮಾ.

ನೋಡಬೇಕೆಂದಳು. ಬೇಡವೆಂದು ನಾನು ಹೇಳಿದೆ, ಅವಳು ಕೇಳಲಿಲ್ಲ. ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿ ಹೋದೆವು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಡೀಲ್ ಎರಡೂ ಕೋಣೆ ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು, ತೊಟ್ಟಿಲು ಇಡುವ ಜಾಗ ಎಲ್ಲಿ ಅಂದುಕೊಂಡಿದ್ದಿರಿ ಎಂದು ಕೇಳಿದಳು. ಇರ್ಮಾ ಕಿಟಕಿಯ ಪಕ್ಕದ ಮೂಲೆ ತೋರಿಸಿದಳು. "ಚೆನ್ನಾಗಿದೆ," ಎಂದಳು ಹುಡುಗಿ. ನಾನು ಕೆಳಗಿಳಿದು ಹೋಗಿ ಟ್ರಕ್ಕಿನಲ್ಲಿ ಕೂತೆ. ಕ್ಲೋವಿಸ್ ಹೋದ ಊರಿನ ತಂಡ ಹುಡುಗರನ್ನು ಮನೆಗಳಲ್ಲಿ ಇಡುತ್ತಿರಲಿಲ್ಲ. ಒಂದು ಲಾಡ್ಜಿನ ಕೋಣೆಗೆ ನಾಲ್ವರು. ಹೆಂಡತಿ ಮಗುವಿಗೆ ಅಲ್ಲಿ ಜಾಗವಿರಲಿಲ್ಲ. ಒಡೀಲ್ ಇರ್ಮಾಳ ಮಹಡಿಯ ಕೋಣೆಯಲ್ಲಿ ಎರಡು ದಿನ ಮಲಗೆದ್ದು, ಬಂದ ದಾರಿಯಲ್ಲೇ ವಾಪಸು ಹೋದಳು.

ಮಾರನೆಯ ವಾರ ಅದೇ ಕೋಣೆಗೆ ವೆಂಡೆಲ್ ಆಕ್ರಿ ಬಂದ. ಖಾಲಿ ಇದ್ದದ್ದು ಅದೊಂದೇ. ಅವನನ್ನು ದ್ವೇಷಿಸಬೇಕೆಂದು ನಾನು ಸಕಲ ಸಿದ್ಧತೆ ಮಾಡಿಕೊಂಡಿದ್ದೆ, ಆಗಲಿಲ್ಲ. ನಾಚಿಕೆಯ ಹುಡುಗ, ತಿಂದ ತಟ್ಟೆ ತಾನೇ ತೊಳೆದಿಡುತ್ತಿದ್ದ. ಇರ್ಮಾ ಅವನಿಗೆ ಹೊಟ್ಟೆ ತುಂಬ ಹಾಕಿದಳು, ಬಟ್ಟೆ ಒಗೆದಳು, ಮೊಣಕೈಗೆ ಮಂಜುಗಡ್ಡೆ ಕಟ್ಟಿದಳು. ಬೈಯಲಿಲ್ಲ. ನಲವತ್ತು ವರ್ಷದಲ್ಲಿ ಅವಳ ಕೈಲಿ ಬೈಸಿಕೊಳ್ಳದೆ ಉಂಡವನು ಅವನೊಬ್ಬನೇ ಇರಬೇಕು.

ಅವನ ಮೊಣಕೈ ಮುರಿಯಿತು, ನಾನು ಹೇಳಿದ್ದೇ ನಿಜವಾಯಿತು ಎಂದು ಬರೆಯಲು ನನಗೆ ಎಷ್ಟು ಆಸೆಯಿದೆಯೋ ದೇವರಿಗೇ ಗೊತ್ತು. ಆದರೆ ಹಾಗೆ ಆಗಲಿಲ್ಲ. ಹುಡುಗ ಚಿನ್ನದಂತೆ ಎಸೆದ. ಅವನನ್ನು ನೋಡಿ ಉಳಿದ ಎಸೆತಗಾರರಿಗೂ ಬೆನ್ನು ನೆಟ್ಟಗಾಯಿತು. ಮರುವರ್ಷ ಎರಡನೆಯ ಸ್ಥಾನ, ಅದರ ಮುಂದಿನ ವರ್ಷ ನಾವೇ ಗೆದ್ದೆವು. ಅಗ್ನಿಶಾಮಕದ ಗಾಡಿಯ ಮೇಲೆ ಹುಡುಗರನ್ನು ಮೆರವಣಿಗೆ ಮಾಡಿದರು. ನಾನೂ ಕುಣಿದೆ. ಗಾರ್ವಿನ್ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು, ಇದನ್ನು ಬರೆಯುವಾಗ ನನ್ನ ಕೈ ನೋಯುತ್ತದೆ.

ಕ್ಲೋವಿಸ್ ಹೋದ ಊರಿನ ಮೈದಾನ ದೊಡ್ಡದು. ನಮ್ಮಲ್ಲಿ ಡಿಪೋ ಒಳಗೆ ಬೀಳುತ್ತಿದ್ದ ಚೆಂಡುಗಳು ಅಲ್ಲಿ ಬೇಲಿಯ ಮುಂದೆ ನಿಂತ ಯಾರದೋ ಕೈಗವುಸಿನೊಳಗೆ ಬಿದ್ದವು. ನೋಡಲು ಬರಬೇಕಾಗಿದ್ದ ದೊಡ್ಡ ತಂಡದವರು ನಮ್ಮ ಮೈದಾನಕ್ಕೆ ಬಂದರು, ಅಲ್ಲಿಗೆ ಹೋಗಲಿಲ್ಲ. ಆಗಸ್ಟ್ ಮುಗಿಯುವ ಮೊದಲೇ ಅವನನ್ನು ಬಿಟ್ಟರು. ಊರಿಗೆ ಹೋಗಿ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ.

ಗೆದ್ದ ವರ್ಷ ಸಮಿತಿಯವರು ಇರ್ಮಾಳನ್ನು ಉಪಾಧ್ಯಕ್ಷೆ ಮಾಡಬೇಕೆಂದರು. ಲೈಲ್ ತಾನೇ ಎದ್ದು ನಿಂತು, "ತಲೆ ಗಟ್ಟಿ ಇರೋ ಹೆಂಗಸು, ಅವತ್ತೇ ನೋಡಿದೀವಲ್ಲ" ಎಂದ. ಅವಳು ಬೇಡವೆಂದಳು. ಅಷ್ಟೇ ಅಲ್ಲ, ಅಷ್ಟು ಗುದ್ದಾಡಿ ಪಡೆದ ಕುರ್ಚಿಯನ್ನೂ ಬಿಟ್ಟಳು. ಮಂಡಿನೋವು ಎಂದು ಕಾರಣ ಕೊಟ್ಟಳು. ಮಹಡಿಯ ಕೋಣೆಗೆ ಮತ್ತೆ ಯಾರನ್ನೂ ತೆಗೆದುಕೊಳ್ಳಲಿಲ್ಲ.

ಪ್ರತಿ ವರ್ಷ ಮೇ ತಿಂಗಳು, ತಾಯಂದಿರ ದಿನದ ಭಾನುವಾರ ಮಧ್ಯಾಹ್ನ, ಅವಳ ಅಡುಗೆಮನೆಯ ಗೋಡೆಯ ಫೋನು ಹೊಡೆದುಕೊಳ್ಳುತ್ತಿತ್ತು. ಕ್ಲೋವಿಸ್. ಅವನ ಅಮ್ಮ ಅವನು ಚಿಕ್ಕವನಿದ್ದಾಗಲೇ ತೀರಿಹೋದವಳು. ಆ ದಿನ ನನಗೆ ಅಲ್ಲೇ ಊಟ. ಅವನು ಜೋರು ದನಿಯವನು, ಮೇಜಿನವರೆಗೂ ಕೇಳಿಸುತ್ತಿತ್ತು. ಮಂಡಿ ಹೇಗಿದೆ, ಮಳೆ ಬಂತಾ, ಸೆಲೆಸ್ಟ್‌ಗೆ ಹಲ್ಲು ಬಿತ್ತು, ಸೆಲೆಸ್ಟ್ ಶಾಲೆಗೆ ಹೋದಳು. ಮಗುವಿನ ಕೈಗೆ ಫೋನು ಕೊಟ್ಟು "ಅಜ್ಜಿಗೆ ಏನಾದ್ರೂ ಹೇಳು" ಎನ್ನುತ್ತಿದ್ದ. ಕೊನೆಗೆ ಒಂದು ಮಾತು ಇದ್ದೇ ಇರುತ್ತಿತ್ತು. "ಆ ಊರಲ್ಲಿ ನಮ್ಮ ಪರ ನಿಂತೋರು ನೀವೊಬ್ರೇ, ಅಮ್ಮ. ನಾನು ಒಡೀಲ್‌ಗೆ ಯಾವಾಗ್ಲೂ ಹೇಳ್ತಿರ್ತೀನಿ."

ಫೋನು ಬರುವ ಮೊದಲು ಅವಳು ನನಗೆ ಹೇಳುತ್ತಿದ್ದಳು, ಇವತ್ತು ಹೇಳಿಬಿಡುತ್ತೇನೆ. ಹೇಳದೆಯೇ ಫೋನು ಇಡುತ್ತಿದ್ದಳು. ಮಾಡಿದ ಕಡುಬು ಅವಳ ತಟ್ಟೆಯಲ್ಲೇ ಆರಿಹೋಗುತ್ತಿತ್ತು. ನಾನು ಹೇಳಬೇಡ ಎನ್ನುತ್ತಿದ್ದೆ. ಅವನಿಗೆ ಖುಷಿ, ನಿನಗೆ ಮಗ, ಸುಮ್ಮನೆ ಯಾಕೆ ಕೆದಕುತ್ತೀಯ ಎಂದು ಪ್ರತಿ ವರ್ಷವೂ ಬುದ್ಧಿ ಹೇಳಿದೆ. ಗೋಡೆಗೆ ಹೇಳಿದ ಹಾಗೆ.

ಸೆಲೆಸ್ಟ್‌ಗೆ ಒಂಬತ್ತು ತುಂಬಿದ ವರ್ಷ ಅವಳು ಹೇಳಿದಳು. ಅವನು ಆ ಕೊನೆಯ ಮಾತು ಆಡುವ ಮೊದಲೇ ತಡೆದಳು.

"ಕ್ಲೋ, ಕೇಳು. ಅವತ್ತು ಆ ಕೈ ನಂದು. ನಾಲ್ಕು ಜನ ಎತ್ತಿದ್ರು, ಐದನೇದು ನಾನು. ಭಾನುವಾರ ನೀನು ಬಣ್ಣ ಹಚ್ತಾ ಕೇಳಿದಾಗ ನನಗೆ ಗೊತ್ತಿತ್ತು. ಒಡೀಲ್‌ನ ನಿಲ್ಸು ಅಂತ ಹೇಳ್ಬಹುದಿತ್ತು, ಹೇಳ್ಲಿಲ್ಲ."

ಆ ಕಡೆ ಹಿಂದೆ ಎಲ್ಲೋ ಮಗುವಿನ ದನಿ, ಅಪ್ಪ ನಂಗೆ ಕೊಡು ಎನ್ನುತ್ತಿತ್ತು. ಆಮೇಲೆ ಅವನ ದನಿ ಬಂತು, ಈ ಸಲ ನನಗೆ ಕಷ್ಟಪಟ್ಟು ಕೇಳಬೇಕಾಯಿತು.

"ಸರಿ ಅಮ್ಮ. ಮಂಡಿಗೆ ಔಷಧಿ ತಗೊಳ್ತಿದೀರಾ?"

"ತಗೊಳ್ತಿದೀನಿ."

"ಆಯ್ತು. ಹುಷಾರಾಗಿರಿ."

ಮಗುವಿನ ಕೈಗೆ ಫೋನು ಕೊಡಲಿಲ್ಲ. ಮರುವರ್ಷ ಆ ಭಾನುವಾರ ನಾವಿಬ್ಬರೂ ಸಂಜೆಯವರೆಗೆ ಮೇಜಿನ ಎದುರು ಕೂತಿದ್ದೆವು, ಫೋನು ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಮೂರನೆಯ ವರ್ಷ ನಾನು ತಾಳಲಾರದೆ ರೇಗಿದೆ.

"ನೋಡಿದ್ಯಾ ಈಗ? ಹೇಳ್ಬೇಡ ಹೇಳ್ಬೇಡ ಅಂತ ಬಡ್ಕೊಂಡೆ. ಇದ್ದ ಒಬ್ಬ ಮಗನ್ನೂ ನೀನು ಕಳ್ಕೊಂಡೆ. ಅದೂ ಯಾವ ತಪ್ಪಿಗೆ? ನೀನು ಮಾಡಿದ್ದು ಸರಿಯಾಗೇ ಇತ್ತಲ್ಲ. ಆ ಹುಡುಗ ಬಂದ, ತಂಡ ಎದ್ದು ನಿಂತ್ಕೊಳ್ತು, ಕಪ್ ಬಂತು. ನಾನೇ ಒಪ್ಕೊಳ್ತಿದೀನಿ, ನಾನು, ಎಸೆಯೋರನ್ನ ಕಂಡ್ರೆ ಆಗದೋನು. ಸರಿಯಾಗಿತ್ತೋ ಇಲ್ವೋ, ನೀನೇ ಹೇಳು."

ಇರ್ಮಾ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದಳು.

"ಸರಿಯಾಗೇ ಇತ್ತು, ಹೋಬರ್ಟ್," ಎಂದಳು. "ಗಾರ್ವಿನ್ ಹೇಳಿದ್ದು ನನಗೂ ಅರ್ಥ ಆಗಿತ್ತು. ಆದ್ರೆ ನಾನು ಕೈ ಎತ್ತಿದ್ದು ಅದಕ್ಕಲ್ಲ. ಲೈಲ್ ನೋಡ್ತಾ ಇದ್ದ, ಅದಕ್ಕೆ ಎತ್ತಿದೆ. ಸರಿ ಅಂತ ಎತ್ತಿದ್ರೆ ಮಾರನೇ ದಿನಾನೇ ಆ ಹುಡುಗನ ಮುಖ ನೋಡಿ ಹೇಳಿರ್ತಿದ್ದೆ."